ಪ್ರಿಪೊಸಿಷನ್ ಯಾರ ಪಾಲಿನದು? ಇಂಗ್ಲಿಷಿನ ಪ್ರಶ್ನಾರ್ಥಕ ಉಪವಾಕ್ಯಗಳನ್ನು ಕುರಿತು

ಇಂಗ್ಲಿಷ್ ವ್ಯಾಕರಣದಲ್ಲಿ ಪ್ರಿಪೊಸಿಷನ್ ಎಂದು ಕರೆಸಿಕೊಳ್ಳುವ ಆನ್, ಇನ್, ಆಫ್, ಅಟ್, ಅಬೌಟ್ ಮೊದಲಾದ ಚಿಕ್ಕ ಪದಗಳು, ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೂ ‘ಮೇಲೆ’, ‘ಬಗ್ಗೆ’, ‘ಕುರಿತು’ ಎಂಬಂಥ ಪದಗಳೂ ಮಾಡುವ ಕೆಲಸವನ್ನೇ ಮಾಡುತ್ತವೆ. ಕನ್ನಡದಲ್ಲಿ ಇವು ನಾಮಪದದ ನಂತರ ಬಂದರೆ ಇಂಗ್ಲಿಷಿನಲ್ಲಿ ಅದಕ್ಕಿಂತ ಮೊದಲು ಬರುತ್ತವೆ. ಶಾಲೆಯ ಪಾಠಗಳಲ್ಲಿ ಇವುಗಳ ಪರಿಚಯ ಸಾಮಾನ್ಯವಾಗಿ ‘ಆನ್ ದಿ ಟೇಬಲ್’, ‘ಇನ್ ದಿ ಬ್ಯಾಗ್’ ಎಂಬ ಉದಾಹರಣೆಗಳಿಂದ ಆರಂಭವಾಗಿ, ಪ್ರಿಪೊಸಿಷನ್ನಿನ ನಂತರ ನಾಮಪದವೋ ಸರ್ವನಾಮವೋ ಬರಬೇಕು ಎಂಬ ನಿಯಮದಲ್ಲಿ ಮುಗಿದುಬಿಡುತ್ತದೆ. ಈ ನಿಯಮ ತಪ್ಪಲ್ಲ, ಆದರೆ ಅರ್ಧದಲ್ಲೇ ನಿಲ್ಲುತ್ತದೆ. ಏಕೆಂದರೆ ನಾಮಪದ ಕೂರುವ ಆ ಜಾಗದಲ್ಲಿ, ತನ್ನದೇ ಕರ್ತೃವೂ ಕ್ರಿಯಾಪದವೂ ಇರುವ ಇಡೀ ಉಪವಾಕ್ಯವೊಂದು ಕುಳಿತುಕೊಳ್ಳಬಲ್ಲದು. ಬೆಲೆಯು ಋತುಮಾನವನ್ನು ಅವಲಂಬಿಸಿದೆ ಎನ್ನಲು ‘ದಿ ಪ್ರೈಸ್ ಡಿಪೆಂಡ್ಸ್ ಆನ್ ದಿ ಸೀಸನ್’ ಎನ್ನುವವರೇ, ಯಾವಾಗ ಕೊಳ್ಳುತ್ತೀರಿ ಎಂಬುದನ್ನು ಅವಲಂಬಿಸಿದೆ ಎನ್ನಲು ‘ದಿ ಪ್ರೈಸ್ ಡಿಪೆಂಡ್ಸ್ ಆನ್ ವೆನ್ ಯು ಬೈ’ ಎನ್ನುತ್ತಾರೆ. ಇಲ್ಲಿ ‘ಆನ್’ ಎಂಬುದರ ಅಧೀನದಲ್ಲಿರುವುದು ‘ವೆನ್’ ಎಂಬ ಒಂಟಿ ಪದವಲ್ಲ, ‘ವೆನ್ ಯು ಬೈ’ ಎಂಬ ಇಡೀ ಉಪವಾಕ್ಯ.

ಹೀಗೆ ಹೂ, ವಾಟ್, ವಿಚ್, ವೆನ್, ವೇರ್, ವೈ, ಹೌ, ವೆದರ್ ಎಂಬ ಪ್ರಶ್ನಪದಗಳಲ್ಲಿ ಒಂದರಿಂದ ಆರಂಭವಾಗಿ, ಸ್ವತಂತ್ರವಾದ ಪ್ರಶ್ನೆಯಾಗಿ ನಿಲ್ಲದೆ ದೊಡ್ಡ ವಾಕ್ಯವೊಂದರ ಅಂಗವಾಗಿ ಬರುವ ವಾಕ್ಯವನ್ನು ಪ್ರಶ್ನಾರ್ಥಕ ಉಪವಾಕ್ಯ ಎನ್ನಬಹುದು. ಇಂಥ ಉಪವಾಕ್ಯದ ಹಿಂದೆ ಪ್ರಿಪೊಸಿಷನ್ ಯಾವಾಗ ಬರಬೇಕು, ಯಾವಾಗ ಬಾರದಿದ್ದರೂ ನಡೆಯುತ್ತದೆ, ಯಾವಾಗ ಬರಲೇಬಾರದು ಎಂಬ ವಿಚಾರದಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರು ಎಡವುವುದು ಹೆಚ್ಚು. ಪಟ್ಟಿಗಳನ್ನು ಬಾಯಿಪಾಠ ಮಾಡಿ ಈ ತೊಡಕನ್ನು ದಾಟುವುದು ಕಷ್ಟ. ಕಣ್ಣೆದುರಿಗಿರುವ ಪ್ರಿಪೊಸಿಷನ್ ವಾಕ್ಯದ ಯಾವ ಪದಕ್ಕೆ ಸೇರಿದ್ದು ಎಂದು ಕೇಳಿಕೊಂಡರೆ ಬಹುಪಾಲು ಗಂಟುಗಳು ತಾವಾಗಿ ಸಡಿಲವಾಗುತ್ತವೆ.

ಮೊದಲು ಗಮನಿಸಬೇಕಾದದ್ದು, ಇಂಗ್ಲಿಷಿನ ಪ್ರಿಪೊಸಿಷನ್ ಎಲ್ಲ ಬಗೆಯ ಉಪವಾಕ್ಯಗಳನ್ನೂ ಒಂದೇ ರೀತಿಯಲ್ಲಿ ಬರಮಾಡಿಕೊಳ್ಳುವುದಿಲ್ಲ ಎಂಬುದು. ‘ಅವೇರ್’ ಎಂಬ ಪದವನ್ನೇ ತೆಗೆದುಕೊಂಡರೆ, ‘ಶಿ ಈಸ್ ಅವೇರ್ ಆಫ್ ದಿ ಡೇಂಜರ್’ ಎಂಬಲ್ಲಿ ನಾಮಪದದ ಹಿಂದೆ ‘ಆಫ್’ ಬೇಕೇ ಬೇಕು. ಅದೇ ಅರಿವನ್ನು ಹೇಳಿಕೆಯ ರೂಪದಲ್ಲಿ ಹೇಳುವಾಗ ‘ಶಿ ಈಸ್ ಅವೇರ್ ದ್ಯಾಟ್ ದಿ ರೋಡ್ ಈಸ್ ಡೇಂಜರಸ್’ ಎಂದಾಗುತ್ತದೆ. ‘ಆಫ್’ ಬಿದ್ದುಹೋಗುತ್ತದೆ, ಅದನ್ನು ಉಳಿಸಿಕೊಂಡು ‘ಅವೇರ್ ಆಫ್ ದ್ಯಾಟ್ ದಿ ರೋಡ್ ಈಸ್ ಡೇಂಜರಸ್’ ಎಂದರೆ ವಾಕ್ಯ ಕೆಡುತ್ತದೆ. ಆದರೆ ಪ್ರಶ್ನಪದ ಬಂದೊಡನೆ ‘ಆಫ್’ ಮರಳಿ ಬರಬಲ್ಲದು: ‘ಶಿ ಈಸ್ ಅವೇರ್ ಆಫ್ ಹೌ ಡೇಂಜರಸ್ ದಿ ರೋಡ್ ಈಸ್’. ಅಂದರೆ ‘ದ್ಯಾಟ್’ ಎಂದು ಆರಂಭವಾಗುವ ಹೇಳಿಕೆಯ ಉಪವಾಕ್ಯವು ಪ್ರಿಪೊಸಿಷನ್ನಿನ ಬೆನ್ನಿಗೆ ನಿಲ್ಲಲಾರದು, ಪ್ರಶ್ನಾರ್ಥಕ ಉಪವಾಕ್ಯವು ನಿಲ್ಲಬಲ್ಲದು. ‘ಇನ್ ದ್ಯಾಟ್’, ‘ಎಕ್ಸೆಪ್ಟ್ ದ್ಯಾಟ್’ ಎಂಬಂಥ ಕೆಲವೇ ಜೋಡಿಗಳು ಇದಕ್ಕೆ ಅಪವಾದ. ಇಂಗ್ಲಿಷಿನ ಹಳೆಯ ಹಂತಗಳಲ್ಲಿ ‘ಆಫ್ಟರ್ ದ್ಯಾಟ್’, ‘ಬಿಫೋರ್ ದ್ಯಾಟ್’, ‘ಫಾರ್ ದ್ಯಾಟ್’ ಎಂದು ಉಪವಾಕ್ಯವನ್ನು ಆರಂಭಿಸುವ ರೂಢಿ ಇತ್ತು. ಕಾಲಕ್ರಮದಲ್ಲಿ ‘ದ್ಯಾಟ್’ ಉದುರಿ ಮೊದಲಿನ ಪದವೇ ಉಳಿದುಕೊಂಡಿತು. ಇಂದು ಹೇಳಿಕೆಯ ಹಿಂದೆ ಪ್ರಿಪೊಸಿಷನ್ ಇರಿಸಲೇಬೇಕಾದಾಗ ‘ದಿ ಫ್ಯಾಕ್ಟ್ ದ್ಯಾಟ್’ ಎಂಬ ಸೇತುವೆ ಕಟ್ಟಿಕೊಳ್ಳಬೇಕಾಗುತ್ತದೆ.

ಕನ್ನಡಿಗರಿಗೆ ಈ ಭೇದ ಸುಲಭವಾಗಿ ಕಾಣದಿರುವುದಕ್ಕೆ ಕಾರಣ ಕನ್ನಡದ ರಚನೆಯಲ್ಲೇ ಇದೆ. ‘ರಸ್ತೆ ಅಪಾಯಕಾರಿ ಎಂಬುದರ ಅರಿವು’ ಎಂದಾಗಲೂ ‘ರಸ್ತೆ ಎಷ್ಟು ಅಪಾಯಕಾರಿ ಎಂಬುದರ ಅರಿವು’ ಎಂದಾಗಲೂ ‘ಎಂಬುದು’ ಎಂಬ ಒಂದೇ ಪದ ಹಿಂದಿನ ವಾಕ್ಯವನ್ನು ಎತ್ತಿಕೊಂಡು ನಾಮಪದವಾಗಿಸುತ್ತದೆ, ಬೇಕಾದ ವಿಭಕ್ತಿಯನ್ನೂ ತಾನೇ ಹೊರುತ್ತದೆ. ಹೇಳಿಕೆಯೋ ಪ್ರಶ್ನೆಯೋ ಎಂದು ಅದು ವಿಚಾರಿಸುವುದಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಹೊರೆ ಹೊರುವ ಪದ ಇಲ್ಲದಿರುವುದರಿಂದ ಪ್ರಿಪೊಸಿಷನ್ ನೇರವಾಗಿ ಪ್ರಶ್ನಪದಕ್ಕೇ ತಾಗಿ ನಿಲ್ಲಬೇಕಾಗುತ್ತದೆ. ‘ಅಬೌಟ್ ಹೌ’, ‘ಆನ್ ವಾಟ್’, ‘ಆಫ್ ವೈ’ ಎಂಬ ಜೋಡಿಗಳು ಕನ್ನಡದ ಕಿವಿಗೆ ಮೊದಮೊದಲು ಅಡ್ಡಾದಿಡ್ಡಿಯಾಗಿ ಕೇಳಿಸುವುದು ಇದರಿಂದಲೇ. ಆ ಅಳುಕಿನಲ್ಲಿ ಕೆಲವರು ಬೇಕಾದ ಪ್ರಿಪೊಸಿಷನ್ನನ್ನು ಬಿಟ್ಟುಬಿಡುತ್ತಾರೆ, ಇನ್ನು ಕೆಲವರು ‘ಎಂಬುದರ’ ಜಾಗದಲ್ಲಿ ‘ಆಫ್ ದ್ಯಾಟ್’ ತಂದಿರಿಸುತ್ತಾರೆ.

ಹೌದೋ ಅಲ್ಲವೋ ಎಂಬ ಬಗೆಯ ಪ್ರಶ್ನೆ ಉಪವಾಕ್ಯವಾಗುವಾಗ ಇಂಗ್ಲಿಷಿನಲ್ಲಿ ‘ಇಫ್’ ಮತ್ತು ‘ವೆದರ್’ ಎಂಬ ಎರಡು ಪದಗಳು ಒದಗುತ್ತವೆ. ‘ಆಸ್ಕ್ ಹಿಮ್ ಇಫ್ ಹಿ ಈಸ್ ಕಮಿಂಗ್’ ಎಂದರೂ ‘ಆಸ್ಕ್ ಹಿಮ್ ವೆದರ್ ಹಿ ಈಸ್ ಕಮಿಂಗ್’ ಎಂದರೂ ಸರಿ. ಆದರೆ ಹಿಂದೆ ಪ್ರಿಪೊಸಿಷನ್ ಬಂದೊಡನೆ ಈ ಸಮಾನತೆ ಮುಗಿಯುತ್ತದೆ. ‘ಇಟ್ ಡಿಪೆಂಡ್ಸ್ ಆನ್ ವೆದರ್ ಹಿ ಈಸ್ ಕಮಿಂಗ್’ ಎಂಬುದಷ್ಟೇ ಶಿಷ್ಟ ಬರವಣಿಗೆಯ ರೂಪ, ‘ಆನ್ ಇಫ್’ ಎಂಬುದು ಆಡುಮಾತಿನಲ್ಲಿ ಅಲ್ಲಲ್ಲಿ ಕೇಳಿಬಂದರೂ ಬರವಣಿಗೆಯಲ್ಲಿ ಸಲ್ಲುವುದಿಲ್ಲ. ಪದಗಳ ಚರಿತ್ರೆಯನ್ನು ನೋಡಿದರೆ ಈ ತಾರತಮ್ಯ ಆಕಸ್ಮಿಕವೆನಿಸುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ವೆದರ್’ ಎಂಬುದರ ಪೂರ್ವರೂಪಕ್ಕೆ ‘ಇಬ್ಬರಲ್ಲಿ ಯಾರು, ಎರಡರಲ್ಲಿ ಯಾವುದು’ ಎಂಬ ಅರ್ಥವಿತ್ತು. ಅದು ಹುಟ್ಟಿನಿಂದಲೇ ಪ್ರಶ್ನಪದ. ‘ಇಫ್’ ಎಂಬುದರ ಮುಖ್ಯ ಕೆಲಸವೋ ‘ಆದರೆ’, ‘ಬಂದರೆ’, ‘ಹೋದರೆ’ ಎಂಬಂಥ ಷರತ್ತನ್ನು ಸೂಚಿಸುವುದು. ‘ವೆದರ್’ ಪದವು ‘ಟು’ ಸೇರಿದ ಕ್ರಿಯಾರೂಪವನ್ನೂ ಜೊತೆಗಿಟ್ಟುಕೊಳ್ಳಬಲ್ಲದು: ‘ದೇ ಆರ್ಗ್ಯೂಡ್ ಅಬೌಟ್ ವೆದರ್ ಟು ಸೆಲ್ ದಿ ಹೌಸ್’. ಇಲ್ಲೂ ‘ಇಫ್’ ಕಾಲಿಡಲಾರದು.

ಇನ್ನು ಈ ಮಾತಿನ ನಡುಮನೆಗೆ ಬರಬಹುದು. ಪ್ರಶ್ನಪದದ ಹಿಂದೆ ಪ್ರಿಪೊಸಿಷನ್ ಕಂಡಾಗಲೆಲ್ಲ ಅದು ಹೊರಗಿನ ವಾಕ್ಯಕ್ಕೆ ಸೇರಿದ್ದು ಎಂದು ತಿಳಿಯಬೇಕಾಗಿಲ್ಲ. ‘ದಿ ಆಡಿಟರ್ಸ್ ವರ್ ವರೀಡ್ ಅಬೌಟ್ ವೇರ್ ದಿ ಮನಿ ಹ್ಯಾಡ್ ಗಾನ್’ ಎಂಬುದನ್ನೂ ‘ದಿ ಆಡಿಟರ್ಸ್ ಆಸ್ಕ್ಡ್ ಫ್ರಮ್ ವಿಚ್ ಅಕೌಂಟ್ ದಿ ಮನಿ ಹ್ಯಾಡ್ ಕಮ್’ ಎಂಬುದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಮೇಲ್ನೋಟಕ್ಕೆ ಎರಡರಲ್ಲೂ ಮೊದಲು ಪ್ರಿಪೊಸಿಷನ್, ಅದರ ನಂತರವೇ ಪ್ರಶ್ನಪದ. ಆದರೆ ಮೊದಲನೆಯದರಲ್ಲಿ ‘ಅಬೌಟ್’ ಬಂದದ್ದು ‘ವರೀಡ್’ ಎಂಬ ಪದದ ಅಗತ್ಯದಿಂದ, ಅಂದರೆ ಹೊರಗಿನಿಂದ. ಎರಡನೆಯದರಲ್ಲಿ ‘ಫ್ರಮ್’ ಬಂದದ್ದು ‘ಹ್ಯಾಡ್ ಕಮ್’ ಎಂಬ ಒಳಗಿನ ಕ್ರಿಯಾಪದದ ಅಗತ್ಯದಿಂದ. ಹಣ ಯಾವುದೋ ಖಾತೆಯಿಂದ ಬರಬೇಕು, ಆ ‘ಇಂದ’ವೇ ಪ್ರಶ್ನಪದದ ಜೊತೆಯಲ್ಲಿ ಉಪವಾಕ್ಯದ ತಲೆಗೆ ಬಂದು ನಿಂತಿದೆ. ಎರಡು ಹೊಲಗಳ ನಡುವಿನ ಬದು ಯಾರ ಪಾಲಿನದು ಎಂದು ಗೊತ್ತಾಗದೆ ಉಳುಮೆ ಸಾಗದು. ಹಾಗೆಯೇ ಗಡಿಯಲ್ಲಿ ನಿಂತ ಪ್ರಿಪೊಸಿಷನ್ ಯಾವ ಕಡೆಯದು ಎಂದು ಗೊತ್ತಾಗದೆ ವಾಕ್ಯವನ್ನು ತಿದ್ದಲಾಗದು.

ಇದನ್ನು ಗುರುತಿಸಲು ಸರಳವಾದ ಪರೀಕ್ಷೆಯೊಂದಿದೆ. ಪ್ರಿಪೊಸಿಷನ್ನನ್ನು ಕಿತ್ತು ಉಪವಾಕ್ಯದ ಕೊನೆಗೆ ಒಯ್ದಾಗ ವಾಕ್ಯ ನಿಂತರೆ ಅದು ಒಳಗಿನದು, ಕುಸಿದರೆ ಹೊರಗಿನದು. ‘ಆಸ್ಕ್ಡ್ ವಿಚ್ ಅಕೌಂಟ್ ದಿ ಮನಿ ಹ್ಯಾಡ್ ಕಮ್ ಫ್ರಮ್’ ಎಂಬುದು ಸಹಜವಾದ ಇಂಗ್ಲಿಷ್. ‘ವರೀಡ್ ವೇರ್ ದಿ ಮನಿ ಹ್ಯಾಡ್ ಗಾನ್ ಅಬೌಟ್’ ಎಂಬುದು ಯಾವ ಭಾಷೆಯೂ ಅಲ್ಲ. ಪ್ರಿಪೊಸಿಷನ್ನನ್ನು ವಾಕ್ಯದ ಕೊನೆಯಲ್ಲಿ ಬಿಡಬಾರದೆಂಬ ಹಳೆಯ ಕಟ್ಟಳೆಯೂ ಈ ಒಳಗಿನ ಪ್ರಿಪೊಸಿಷನ್ನಿಗೇ ಸಂಬಂಧಿಸಿದ್ದು. ಕವಿ ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ನನ ಬರವಣಿಗೆಯಲ್ಲಿ ಇದನ್ನೊಂದು ದೋಷವೆಂದು ಎತ್ತಿ ತೋರಿಸಿದನು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಇದು ಇಂಗ್ಲಿಷಿನ ಜಾಯಮಾನಕ್ಕೆ ಒಗ್ಗಿದ ಬಳಕೆಯೆಂದು ಒಪ್ಪಿಯೂ, ಗಂಭೀರ ಶೈಲಿಗೆ ಪ್ರಿಪೊಸಿಷನ್ ಮೊದಲೇ ಬರುವುದು ಚೆಂದವೆಂದನು. 1926ರಲ್ಲಿ ಫೌಲರ್ ತನ್ನ ಪ್ರಯೋಗಕೋಶದಲ್ಲಿ ಆ ನಿಷೇಧವನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದನು. ಈ ಮೂವರ ವಾದದಲ್ಲಿ ಹೊರಗಿನ ಪ್ರಿಪೊಸಿಷನ್ನಿನ ಪಾತ್ರವೇ ಇಲ್ಲ, ಏಕೆಂದರೆ ಅದು ತನ್ನ ಉಪವಾಕ್ಯವನ್ನು ದಾಟಿ ಕೊನೆಗೆ ಹೋಗಲಾರದು.

ಕೆಲವೊಮ್ಮೆ ಎರಡೂ ಕಡೆಯ ಪ್ರಿಪೊಸಿಷನ್ನುಗಳು ಒಂದೇ ಗಡಿಯಲ್ಲಿ ಎದುರಾಗುತ್ತವೆ. ಜಮೀನು ಯಾರಿಗೆ ಸೇರಿದ್ದು ಎಂಬುದರ ಬಗೆಗಿನ ವ್ಯಾಜ್ಯವನ್ನು ‘ಎ ಡಿಸ್ಪ್ಯೂಟ್ ಅಬೌಟ್ ಟು ಹೂಮ್ ದಿ ಲ್ಯಾಂಡ್ ಬಿಲಾಂಗ್ಡ್’ ಎಂದು ಬರೆದರೆ ವ್ಯಾಕರಣದ ದೃಷ್ಟಿಯಿಂದ ಆಕ್ಷೇಪವಿಲ್ಲ. ‘ಅಬೌಟ್’ ವ್ಯಾಜ್ಯದ್ದು, ‘ಟು’ ಸೇರುವಿಕೆಯದು. ಆದರೂ ಎರಡು ಪ್ರಿಪೊಸಿಷನ್ನುಗಳು ಬೆನ್ನಿಗೆ ಬೆನ್ನು ತಾಗಿಸಿ ನಿಂತಾಗ ಓದುವವರ ಉಸಿರು ಕಟ್ಟುತ್ತದೆ. ಒಳಗಿನದನ್ನು ಕೊನೆಗೆ ಕಳಿಸಿ ‘ಅಬೌಟ್ ಹೂ ದಿ ಲ್ಯಾಂಡ್ ಬಿಲಾಂಗ್ಡ್ ಟು’ ಎನ್ನುವುದು, ಇಲ್ಲವೇ ‘ಅಬೌಟ್ ಹೂಸ್ ಲ್ಯಾಂಡ್ ಇಟ್ ವಾಸ್’ ಎಂದು ವಾಕ್ಯವನ್ನೇ ಬದಲಿಸುವುದು ಹೆಚ್ಚು ಒಳ್ಳೆಯ ದಾರಿ. ಇಲ್ಲಿ ಲೌತನ ಶಿಷ್ಟತೆಗಿಂತ ಆಡುಮಾತಿನ ಸಹಜತೆಯೇ ಲೇಸು.

ಒಡೆತನದ ಇದೇ ವಿಚಾರ ‘ಹೂ’ ಮತ್ತು ‘ಹೂಮ್’ ಎಂಬ ರೂಪಗಳ ಗೊಂದಲವನ್ನೂ ಬಿಡಿಸುತ್ತದೆ. ಪ್ರಿಪೊಸಿಷನ್ನಿನ ನಂತರ ‘ಹೂಮ್’ ಬರಬೇಕೆಂದು ಕಲಿತವರು ‘ದಿ ಕ್ವೆಶ್ಚನ್ ಆಫ್ ಹೂಮ್ ಶುಡ್ ಲೀಡ್ ದಿ ಟೀಮ್’ ಎಂದು ಬರೆಯುವುದುಂಟು. ಅತಿಯಾದ ಎಚ್ಚರಿಕೆಯಿಂದ ಹುಟ್ಟುವ ತಪ್ಪು ಇದು. ‘ಆಫ್’ ಹಿಡಿದಿರುವುದು ಇಡೀ ಉಪವಾಕ್ಯವನ್ನು. ಅದರ ಒಳಗೆ ಯಾರಿಗೆ ಯಾವ ರೂಪ ಎಂದು ತೀರ್ಮಾನಿಸುವುದು ಒಳಗಿನ ಕ್ರಿಯಾಪದ. ತಂಡವನ್ನು ಮುನ್ನಡೆಸುವ ವ್ಯಕ್ತಿ ಇಲ್ಲಿ ಕರ್ತೃ, ಆದ್ದರಿಂದ ‘ದಿ ಕ್ವೆಶ್ಚನ್ ಆಫ್ ಹೂ ಶುಡ್ ಲೀಡ್ ದಿ ಟೀಮ್’ ಎಂಬುದೇ ಸರಿ. ‘ದಿ ಕ್ವೆಶ್ಚನ್ ಆಫ್ ಹೂಮ್ ದೇ ಶುಡ್ ಚೂಸ್’ ಎಂಬಲ್ಲಿ ‘ಹೂಮ್’ ಸಲ್ಲುತ್ತದೆ, ಆದರೆ ಅದಕ್ಕೆ ಕಾರಣ ‘ಆಫ್’ ಅಲ್ಲ, ಆರಿಸುವ ಕ್ರಿಯೆಗೆ ಆ ವ್ಯಕ್ತಿ ಕರ್ಮವಾಗಿರುವುದು. ಇಂದಿನ ಆಡುಮಾತಿನಲ್ಲಿ ಅಲ್ಲಿಯೂ ‘ಹೂ’ ರೂಪವೇ ಹೆಚ್ಚಾಗಿ ಕೇಳಿಸುತ್ತದೆ. ಮೊದಲು ಬಂದವರಿಗೆ ಟಿಕೆಟ್ ಕೊಡಿ ಎನ್ನುವ ‘ಗಿವ್ ದಿ ಟಿಕೆಟ್ ಟು ಹೂಎವರ್ ಕಮ್ಸ್ ಫಸ್ಟ್’ ಎಂಬ ವಾಕ್ಯವನ್ನು ‘ಹೂಮೆವರ್’ ಎಂದು ತಿದ್ದುವವರು, ತಿದ್ದುವ ಹಂಬಲದಲ್ಲಿ ಸರಿಯಾದದ್ದನ್ನೇ ಕೆಡಿಸುತ್ತಾರೆ.

ಈ ಕೊನೆಯ ವಾಕ್ಯದಲ್ಲಿ ಇನ್ನೊಂದು ವಿಷಯವೂ ಅಡಗಿದೆ. ‘ಹೂಎವರ್ ಕಮ್ಸ್ ಫಸ್ಟ್’ ಎಂಬುದು ನಿಜವಾಗಿ ಪ್ರಶ್ನೆಯಲ್ಲ, ಮೊದಲು ಬರುವ ವ್ಯಕ್ತಿಯನ್ನೇ ಅದು ಸೂಚಿಸುತ್ತದೆ. ಪ್ರಶ್ನಪದದ ವೇಷದಲ್ಲಿ ಬಂದು ವಸ್ತುವನ್ನೋ ವ್ಯಕ್ತಿಯನ್ನೋ ಹೆಸರಿಸುವ ಇಂಥ ಉಪವಾಕ್ಯಗಳನ್ನು ವ್ಯಾಕರಣಜ್ಞರು ಬೇರೆಯೇ ವರ್ಗವಾಗಿ ಪರಿಗಣಿಸುತ್ತಾರೆ. ‘ಹಿ ಪೇಯ್ಡ್ ಫಾರ್ ವಾಟ್ ಶಿ ಬಾಟ್’ ಎಂದರೆ ಅವಳು ಕೊಂಡದ್ದಕ್ಕೆ ಅವನು ಹಣ ತೆತ್ತನು ಎಂದರ್ಥ, ಪ್ರಶ್ನೆಯ ಸುಳಿವೂ ಇಲ್ಲ. ‘ದೇ ಡಿಸಗ್ರೀಡ್ ಅಬೌಟ್ ವಾಟ್ ಶಿ ಬಾಟ್’ ಎಂದರೆ ಅವಳು ಏನು ಕೊಂಡಳು ಎಂಬ ವಿಚಾರದಲ್ಲಿ ಭಿನ್ನಾಭಿಪ್ರಾಯವಿತ್ತು ಎಂದೂ ಆಗಬಹುದು, ಅವಳು ಕೊಂಡ ವಸ್ತುವಿನ ಬಗ್ಗೆಯೇ ಭಿನ್ನಾಭಿಪ್ರಾಯವಿತ್ತು ಎಂದೂ ಆಗಬಹುದು. ‘ಕೊಂಡದ್ದು’ ಮತ್ತು ‘ಏನು ಕೊಂಡಳು ಎಂಬುದು’ ಎಂದು ಕನ್ನಡ ಎರಡು ಬೇರೆ ರೂಪಗಳಲ್ಲಿ ಹೇಳುವುದನ್ನು ಇಂಗ್ಲಿಷ್ ಒಂದೇ ರೂಪದಲ್ಲಿ ಹೇಳುತ್ತದೆ. ಅರ್ಥವನ್ನು ಸಂದರ್ಭದಿಂದ ಹೆಕ್ಕಿಕೊಳ್ಳಬೇಕು. ಅನುವಾದಕರು ಇಲ್ಲಿ ಎರಡು ನಿಮಿಷ ನಿಲ್ಲುವುದು ಒಳಿತು.

ಪದಕ್ರಮದ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗಬಹುದು. ಸ್ವತಂತ್ರ ಪ್ರಶ್ನೆಯಲ್ಲಿ ‘ವೇರ್ ಈಸ್ ದಿ ಸ್ಟೇಷನ್’ ಎಂದು ಕ್ರಿಯಾಪದ ಮುಂದಕ್ಕೆ ಬಂದರೂ, ಉಪವಾಕ್ಯವಾದಾಗ ‘ಇಟ್ ಡಿಪೆಂಡ್ಸ್ ಆನ್ ವೇರ್ ದಿ ಸ್ಟೇಷನ್ ಈಸ್’ ಎಂದು ಅದು ಕರ್ತೃವಿನ ನಂತರಕ್ಕೆ ಮರಳುತ್ತದೆ. ಕನ್ನಡದಲ್ಲಿ ‘ನಿಲ್ದಾಣ ಎಲ್ಲಿದೆ’ ಎಂಬ ಪ್ರಶ್ನೆ ‘ಎಂಬುದು’ ಸೇರಿದಾಗಲೂ ಇದ್ದಂತೆಯೇ ಇರುವುದರಿಂದ, ಪ್ರಶ್ನೆಯ ಪದಕ್ರಮವನ್ನು ಹಾಗೆಯೇ ಒಳಗೆ ತಂದಿಡುವ ರೂಢಿ ಇಲ್ಲಿನ ಇಂಗ್ಲಿಷಿನಲ್ಲಿ ಬೇರೂರಿದೆ; ಭಾರತೀಯ ಇಂಗ್ಲಿಷಿನ ಲಕ್ಷಣಗಳಲ್ಲಿ ಇದೂ ಒಂದೆಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ.

ಪ್ರಿಪೊಸಿಷನ್ನನ್ನು ಬಿಡಬಹುದಾದ ಸಂದರ್ಭಗಳಿಗೆ ಅಷ್ಟು ಖಚಿತವಾದ ನಿಯಮವಿಲ್ಲ. 1985ರಲ್ಲಿ ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಹೊರತಂದ ಬೃಹತ್ ವ್ಯಾಕರಣದಲ್ಲೂ, 2002ರಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಅವರ ನೇತೃತ್ವದಲ್ಲಿ ಬಂದ ಕೇಂಬ್ರಿಡ್ಜ್ ವ್ಯಾಕರಣದಲ್ಲೂ ಈ ಐಚ್ಛಿಕತೆಯ ವಿವೇಚನೆ ಇದೆ. ‘ಐ ಹ್ಯಾವ್ ನೋ ಐಡಿಯಾ ವೇರ್ ಹಿ ಲಿವ್ಸ್’ ಎಂಬಲ್ಲಿ ‘ಆಫ್’ ಇಲ್ಲದಿರುವುದೇ ಸಹಜ. ‘ಶುರ್’, ‘ಅವೇರ್’, ‘ಸರ್ಟನ್’ ಎಂಬ ಗುಣವಾಚಕಗಳ ನಂತರ ಅದು ಇದ್ದರೂ ಸರಿ, ಬಿಟ್ಟರೂ ಸರಿ. ‘ಡಿಪೆಂಡ್’ ಎಂಬುದರ ಸ್ಥಿತಿ ವಿಚಿತ್ರವಾದದ್ದು. ‘ಇಟ್ ಡಿಪೆಂಡ್ಸ್ ಹೂ ಯು ಆಸ್ಕ್’ ಎಂದು ‘ಆನ್’ ಬಿಟ್ಟು ಹೇಳುವುದು ಆಡುಮಾತಿನಲ್ಲಿ ತೀರ ಸಾಮಾನ್ಯ. ಆದರೆ ‘ಇಟ್’ ಎಂಬುದರ ಬದಲು ‘ದಿ ಪ್ರೈಸ್’ ಎಂಬಂಥ ನಿರ್ದಿಷ್ಟ ಕರ್ತೃ ಬಂದಾಗ ‘ಆನ್’ ಇರಿಸಿಕೊಳ್ಳುವುದೇ ಕ್ಷೇಮ. ‘ಲುಕ್ ಅಟ್ ಹೌ’, ‘ಇಂಟರೆಸ್ಟೆಡ್ ಇನ್ ವೈ’, ‘ಬೇಸ್ಡ್ ಆನ್ ವಾಟ್’ ಎಂಬಲ್ಲಿ ಪ್ರಿಪೊಸಿಷನ್ನನ್ನು ತೆಗೆದರೆ ವಾಕ್ಯ ಉಳಿಯುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಪ್ರಿಪೊಸಿಷನ್ ಬರಲೇಬಾರದ ಕಡೆ ಅದನ್ನು ತರುವ ರೂಢಿ ಕನ್ನಡ ನಾಡಿನ ಇಂಗ್ಲಿಷಿನಲ್ಲಿ ವ್ಯಾಪಕವಾಗಿದೆ. ‘ನೀರನ್ನು ಹೇಗೆ ಹಂಚಬೇಕು ಎಂಬುದರ ಬಗ್ಗೆ ಚರ್ಚಿಸಿದರು’ ಎಂಬ ಕನ್ನಡ ವಾಕ್ಯದ ‘ಬಗ್ಗೆ’ ಮನಸ್ಸಿನಲ್ಲಿ ಕುಳಿತಿರುವುದರಿಂದ ‘ದೇ ಡಿಸ್ಕಸ್ಡ್ ಅಬೌಟ್ ಹೌ ದಿ ವಾಟರ್ ಶುಡ್ ಬಿ ಶೇರ್ಡ್’ ಎಂಬ ವಾಕ್ಯ ಸಭೆಯ ನಡಾವಳಿಗಳಲ್ಲಿ, ಕಚೇರಿಯ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಎಂಬ ಕ್ರಿಯಾಪದ ತನ್ನ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ‘ದೇ ಡಿಸ್ಕಸ್ಡ್ ಹೌ ದಿ ವಾಟರ್ ಶುಡ್ ಬಿ ಶೇರ್ಡ್’ ಎಂದರೆ ಸಾಕು. ಆದರೆ ಅದೇ ಧಾತು ನಾಮಪದವಾದಾಗ ‘ದೇರ್ ವಾಸ್ ಎ ಡಿಸ್ಕಷನ್ ಅಬೌಟ್ ಹೌ ದಿ ವಾಟರ್ ಶುಡ್ ಬಿ ಶೇರ್ಡ್’ ಎಂದು ‘ಅಬೌಟ್’ ಅಗತ್ಯವಾಗುತ್ತದೆ, ಏಕೆಂದರೆ ನಾಮಪದಕ್ಕೆ ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುವ ಶಕ್ತಿಯಿಲ್ಲ. ‘ಡೌಟ್’ ಎಂಬುದೂ ಹೀಗೆಯೇ: ಕ್ರಿಯಾಪದವಾದಾಗ ‘ದೇ ಡೌಟ್ ವೆದರ್’, ನಾಮಪದವಾದಾಗ ‘ಎ ಡೌಟ್ ಅಬೌಟ್ ವೆದರ್’. ಪಾಠ ಹೇಳುವವರು ಪ್ರತಿ ತಪ್ಪನ್ನೂ ಬಿಡಿಬಿಡಿಯಾಗಿ ತಿದ್ದುವ ಬದಲು ಈ ಜೋಡಿಗಳನ್ನು ಒಟ್ಟಿಗೆ ತೋರಿಸಿದರೆ ವಿದ್ಯಾರ್ಥಿಗಳ ಶ್ರಮ ಬಹಳ ಉಳಿಯುತ್ತದೆ.

ಪ್ರಿಪೊಸಿಷನ್ನಿನ ಕೆಲಸ ಮಾಡುವ ‘ಆಸ್ ಟು’ ಎಂಬ ಜೋಡಿಪದದ ಮೇಲೆ ಇಂಗ್ಲಿಷ್ ಶೈಲಿಕಾರರಿಗೆ ಬಹುಕಾಲದ ಮುನಿಸಿದೆ. ಅಮೆರಿಕದ ವಿಲಿಯಂ ಸ್ಟ್ರಂಕ್ 1918ರ ತನ್ನ ಕಿರುಪುಸ್ತಕದಲ್ಲಿ ‘ಆಸ್ ಟು ವೆದರ್’ ಎನ್ನಬೇಕಾಗಿಲ್ಲ, ‘ವೆದರ್’ ಒಂದೇ ಸಾಕು ಎಂದು ಸೂಚಿಸಿದನು. ಫೌಲರನಿಗೂ ಈ ಬಳಕೆ ಹಿಡಿಸಿರಲಿಲ್ಲ. ‘ದಿ ಕ್ವೆಶ್ಚನ್ ಆಸ್ ಟು ವೆದರ್ ಹಿ ವಿಲ್ ಕಮ್’ ಎಂಬಂಥ ವಾಕ್ಯದ ಮಟ್ಟಿಗೆ ಅವರ ಮಾತು ಒಪ್ಪತಕ್ಕದ್ದೇ, ಏಕೆಂದರೆ ಅಲ್ಲಿ ‘ಕ್ವೆಶ್ಚನ್’ ಎಂಬ ನಾಮಪದವೂ ಅದನ್ನು ವಿವರಿಸುವ ಉಪವಾಕ್ಯವೂ ಅಕ್ಕಪಕ್ಕದಲ್ಲೇ ಇವೆ. ನಡುವೆ ಮಧ್ಯವರ್ತಿ ಬೇಕಾಗಿಲ್ಲ. ಭಾರತದ ಸಂವಿಧಾನದ ಇಂಗ್ಲಿಷ್ ಪಾಠದಲ್ಲಿ ಈ ಜೋಡಿಪದ ಬಂದಿರುವ ರೀತಿ ಬೇರೆ. ಸಂಸತ್ತಿನ ಸದಸ್ಯರೊಬ್ಬರು ಅನರ್ಹತೆಗೆ ಒಳಗಾಗಿದ್ದಾರೆಯೇ ಎಂಬ ಪ್ರಶ್ನೆ ಉದ್ಭವಿಸಿದರೆ ಅದನ್ನು ರಾಷ್ಟ್ರಪತಿಯವರ ತೀರ್ಮಾನಕ್ಕೆ ಒಪ್ಪಿಸಬೇಕೆನ್ನುವ 103ನೆಯ ಅನುಚ್ಛೇದದಲ್ಲೂ, ರಾಜ್ಯದ ಶಾಸಕರ ವಿಷಯದಲ್ಲಿ ಆ ತೀರ್ಮಾನವನ್ನು ರಾಜ್ಯಪಾಲರಿಗೆ ವಹಿಸುವ 192ನೆಯ ಅನುಚ್ಛೇದದಲ್ಲೂ, 1985ರ 52ನೆಯ ತಿದ್ದುಪಡಿಯಿಂದ ಸೇರಿದ, ಪಕ್ಷಾಂತರದ ಸುದ್ದಿಗಳಲ್ಲಿ ಕನ್ನಡಿಗರು ಆಗಾಗ ಕೇಳುವ ಹತ್ತನೆಯ ಅನುಸೂಚಿಯಲ್ಲೂ ‘ಕ್ವೆಶ್ಚನ್’ ಪದದ ನಂತರ ‘ಅರೈಸಸ್’ ಎಂಬ ಕ್ರಿಯಾಪದ ಬಂದು, ಆಮೇಲೆ ‘ಆಸ್ ಟು ವೆದರ್’ ಬರುತ್ತದೆ. ನಾಮಪದಕ್ಕೂ ಅದರ ಉಪವಾಕ್ಯಕ್ಕೂ ನಡುವೆ ಕ್ರಿಯಾಪದ ಅಡ್ಡ ಬಂದಿರುವುದರಿಂದ, ಮುಂದಿನ ಉಪವಾಕ್ಯ ಸಂಬಂಧಿಸಿರುವುದು ‘ಅರೈಸಸ್’ ಎಂಬುದಕ್ಕಲ್ಲ, ಹಿಂದೆಯೇ ಉಳಿದ ‘ಕ್ವೆಶ್ಚನ್’ ಎಂಬುದಕ್ಕೆ ಎಂದು ಕಟ್ಟಿಹಾಕುವ ಹುರಿಯೊಂದು ಬೇಕಾಗುತ್ತದೆ. ಬರಿಯ ‘ಆಫ್’ ಅಲ್ಲಿ ತೊಡರುತ್ತದೆ, ಏನೂ ಇಲ್ಲದಿದ್ದರೆ ಓದು ಕ್ಷಣಕಾಲ ದಾರಿ ತಪ್ಪುತ್ತದೆ. ಶೈಲಿಕಾರರು ಅನಾವಶ್ಯಕವೆಂದ ‘ಆಸ್ ಟು’ ಅಲ್ಲಿ ಸರಿಯಾದ ಜಾಗದಲ್ಲೇ ಇದೆ.